ಅಳಿಯನೂ ಮೂವತ್ತೊಂದು ಹತ್ತಿಯುಂಡೆಯೂ

ನನ್ನ ಅಕ್ಕ ಪುಟ್ಟಗೌರಿ ನನ್ನ ಜೊತೆ ಮಾತು ಬಿಟ್ಟು ಒಂಬತ್ತು ವರ್ಷವಾಗಿತ್ತು. ಜಗಳವೇನೂ ಆಗಿರಲಿಲ್ಲ. ನಾನು ನನ್ನ ಕರ್ತವ್ಯವನ್ನು ಚಾಚೂ ತಪ್ಪದೆ ಮಾಡಿದ್ದೆ, ಅಷ್ಟೇ. ಅದಕ್ಕೆ ಕಾರ್ಖಾನೆಯವರು ಪ್ರಶಸ್ತಿಪತ್ರ ಕೊಟ್ಟರು, ಅಕ್ಕ ಮಾತು ಬಿಟ್ಟಳು. ಪ್ರಶಸ್ತಿಪತ್ರಕ್ಕೆ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ್ದೆ. ನಮ್ಮಿಬ್ಬರ ಮನೆಗಳ ನಡುವೆ ಎದೆಮಟ್ಟದ ಒಂದು ಗೋಡೆ. ವಾರಕ್ಕೆರಡು ಸಲ ಅದರ ಮೇಲೆ ಒಂದು ಪ್ಲಾಸ್ಟಿಕ್ ಡಬ್ಬಿ ಬಂದು ಕೂತಿರುತ್ತಿತ್ತು, ಒಳಗೆ ಹುರುಳಿಸಾರೋ ಸೊಪ್ಪಿನ ಪಲ್ಯವೋ. ನಾನು ಉಂಡು, ಡಬ್ಬಿ ತೊಳೆದು, ತಿರುಗಿ ಅಲ್ಲೇ ಇಡುತ್ತಿದ್ದೆ. ಉಪ್ಪು ಕಮ್ಮಿಯಾಯಿತು ಎಂದು ಹೇಳಲಿಕ್ಕೂ ದಾರಿಯಿರಲಿಲ್ಲ. ಹಸಿದವನಿಗೆ ಅನ್ನ ಹಾಕುವುದು ಬೇರೆ, ಮಾತಾಡಿಸುವುದು ಬೇರೆ ಎಂದು ಅಕ್ಕ ಆ ಗೋಡೆಯ ಮೇಲೆ ಒಂಬತ್ತು ವರ್ಷ ನನಗೆ ಪಾಠ ಮಾಡಿದಳು.

ನಮ್ಮೂರನ್ನು ನೀವು ನಕ್ಷೆಯಲ್ಲಿ ಹುಡುಕಬೇಡಿ. ಇಲ್ಲಿರುವುದು ಒಂದು ಕಾರ್ಖಾನೆ, ಅದರ ಸುತ್ತ ನಾವು. ಎಥಿಲೀನ್ ಎಂಬ ಒಲೆಫಿನ್ ಅನಿಲವನ್ನು ಕೊಳವೆಯಲ್ಲಿ ತಂದು ಪ್ಲಾಸ್ಟಿಕ್ ಹರಳು ಮಾಡುವುದು ಅದರ ಕೆಲಸ. ನಿಮ್ಮ ಮನೆಗೆ ಬರುವ ಹಾಲಿನ ಕವರು ನಮ್ಮ ಹರಳಿನದೇ ಇರಬಹುದು. ಅನಿಲದ ಕಣಗಳನ್ನು ಒಂದಕ್ಕೊಂದು ಪೋಣಿಸಿ ಸರ ಮಾಡುವ ವೇಗವರ್ಧಕಕ್ಕೆ ಪುಸ್ತಕದಲ್ಲಿ ಮೆಟಾಲೊಸೀನ್ ಎಂದು ಹೆಸರು. ಎರಡು ಉಂಗುರ, ಅವುಗಳ ನಡುವೆ ಜಿರ್ಕೋನಿಯಂ ಲೋಹದ ಒಂದು ಪರಮಾಣು. ಊರಿನವರು ಅದನ್ನು ಅಳಿಯ ಎನ್ನುತ್ತಾರೆ. ಮುಂಚೆ ಇದ್ದ ಹಳೆಯ ವೇಗವರ್ಧಕ ಉದ್ದಕ್ಕೊಂದು ಗಿಡ್ಡಕ್ಕೊಂದು ಸರ ಪೋಣಿಸಿ ಹೇಗೋ ಕಾಲ ಹಾಕುತ್ತಿತ್ತಂತೆ. ಅಳಿಯ ಹಾಗಲ್ಲ. ಅವನ ಸರಗಳೆಲ್ಲ ಹೆಚ್ಚುಕಮ್ಮಿ ಒಂದೇ ಉದ್ದ, ಒಂದೇ ಅಚ್ಚು. ಆದರೆ ಕೋಪ ಮೂಗಿನ ತುದಿಯಲ್ಲೇ. ಒಂದಿಷ್ಟು ತೇವ ತಾಗಿದರೆ ಮುನಿಸಿಕೊಂಡು ಅಲ್ಲೇ ಸತ್ತುಬೀಳುತ್ತಾನೆ. ಅದಕ್ಕೇ ಕಾರ್ಖಾನೆಯೊಳಗೆ ಅವನಿಗಿಂತ ಮುಂಚೆ ಒಂದು ಅಲ್ಯೂಮಿನಿಯಂ ದ್ರವ ಹೋಗಿ, ಎಲ್ಲೆಲ್ಲಿ ತೇವವಿದೆಯೋ ಅದನ್ನೆಲ್ಲ ಹೀರಿ, ಅವನಿಗೆ ಬಾಗಿಲು ತೆರೆದು ನಿಲ್ಲುತ್ತದೆ. ಕಾರ್ಖಾನೆಯ ಹೊರಗೆ ಆ ಚಾಕರಿಗೆ ನಾವಿದ್ದೇವೆ.

ಮಳೆ ಎಷ್ಟು ಸುರಿದರೂ ಅಳಿಯನಿಗೆ ಏನೂ ಆಗುವುದಿಲ್ಲ. ಬಚ್ಚಲ ನೀರು, ಬೆವರು, ಬೀದಿ ನಲ್ಲಿಯ ಕೆಸರು, ಯಾವುದಕ್ಕೂ ಅವನ ತಕರಾರಿಲ್ಲ. ಕಣ್ಣೀರು ಮಾತ್ರ ಆಗದು. ಊರಿನ ಯಾವ ಮೂಲೆಯಲ್ಲಾದರೂ ಒಂದು ಹನಿ ಕಣ್ಣೀರು ನೆಲ ಮುಟ್ಟಿತೋ, ಕಂಟ್ರೋಲ್ ರೂಮಿನ ಮುಳ್ಳು ದೊಪ್ಪನೆ ಕೆಳಗೆ ಬೀಳುತ್ತದೆ. ಇಡೀ ದಿನದ ಹರಳು ಹಾಳು. ಆದ್ದರಿಂದ ನಾವು ಅಳುವುದನ್ನು ಬಿಟ್ಟೆವು. ಬಿಟ್ಟೆವು ಎಂದರೆ ಆರನೇ ಮೈಲಿಗಲ್ಲಿನ ಆಚೆಗೆ ಸಾಗಿಸಿದೆವು. ಅಲ್ಲಿ ಒಂದು ತಗಡಿನ ಶೆಡ್ಡು, ಸಿಮೆಂಟಿನ ಬೆಂಚುಗಳು. ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕಾರ್ಖಾನೆಯ ಬಸ್ಸು. ಅಳುವುದಕ್ಕೆ ಕಾರಣವೇನು, ಅಂದಾಜು ಎಷ್ಟು ಹೊತ್ತು ಎಂದು ನಮೂನೆಯಲ್ಲಿ ಬರೆದುಕೊಟ್ಟರೆ ಸೀಟು ಸಿಗುತ್ತದೆ. ಹೆಣ್ಣೊಪ್ಪಿಸುವ ಶಾಸ್ತ್ರವೂ ಅಲ್ಲೇ. ಬಾಣಂತಿಯರು ಮಗುವಿಗೆ ಮೂರು ವರ್ಷ ತುಂಬುವವರೆಗೆ ಗಡಿಯಾಚೆ ಇದ್ದು, ಮಗು ಒಣಗಣ್ಣಿನ ಪರೀಕ್ಷೆ ಪಾಸಾದ ಮೇಲೆ ಊರೊಳಗೆ ಬರುತ್ತಾರೆ. ಈರುಳ್ಳಿ ಊರೊಳಗೆ ಕಾಲಿಡದೆ ಮೂವತ್ತು ವರ್ಷವಾಯಿತು. ನಮ್ಮ ಹೊಸ ತಲೆಮಾರಿಗೆ ಅದು ಕಾಯೋ ಗೆಡ್ಡೆಯೋ ಗೊತ್ತಿಲ್ಲ.

ಇದನ್ನೆಲ್ಲ ನೋಡಿಕೊಳ್ಳಲು ಶುಷ್ಕತಾ ಸಮಿತಿ ಎಂಬುದೊಂದಿದೆ. ಅದು ಆಗಾಗ ನಮ್ಮನ್ನು ಪರೀಕ್ಷೆ ಮಾಡುತ್ತದೆ. ಮಧ್ಯಾಹ್ನ ಊಟದ ಹೊತ್ತಿಗೆ ಯಾರೋ ಬಂದು, 'ನಿಮ್ಮ ತಾಯಿ ತೀರಿಕೊಂಡರು' ಎಂದು ಹೇಳಿ, ಮುಖವನ್ನೇ ದಿಟ್ಟಿಸಿ ನಿಲ್ಲುತ್ತಾರೆ. ಅಳದಿದ್ದ ಮನೆಗೆ ಒಂದು ಬಕೆಟ್ ಬಹುಮಾನ. ಕೆಲವರ ಮನೆಯಲ್ಲಿ ಐದಾರು ಬಕೆಟ್ ಇವೆ, ತಾಯಂದಿರೂ ಗುಂಡುಕಲ್ಲಿನ ಹಾಗಿದ್ದಾರೆ. ಇಷ್ಟಾದರೂ ತಡೆಯಲಾರದವರು ಇರುತ್ತಾರಲ್ಲ, ಅವರಿಗಾಗಿ ನಾನು. ನನ್ನ ಹುದ್ದೆಯ ಹೆಸರು ಆರ್ದ್ರತಾ ನಿವಾರಕ, ದರ್ಜೆ ಎರಡು. ಜನ ಕರೆಯುವುದು ಒರೆಸೋ ಬೋರಲಿಂಗ ಎಂದು. ಸಾವಿನ ಮನೆಗೆ, ಮದುವೆ ಮುರಿದ ಮನೆಗೆ ಹತ್ತಿಯ ಚೀಲ ಹೊತ್ತು ಹೋಗುವುದು, ರೆಪ್ಪೆಯಿಂದ ಇಳಿದ ಹನಿ ಗಲ್ಲ ದಾಟುವ ಮೊದಲು ಹತ್ತಿಯುಂಡೆಯಲ್ಲಿ ಹೀರಿಬಿಡುವುದು. ಹತ್ತಿಗೆ ಸೇರಿದ ಹನಿ ಲೆಕ್ಕಕ್ಕಿಲ್ಲ. ಸಂಜೆ ಹತ್ತಿಯನ್ನು ಕಾರ್ಖಾನೆಯ ಒಲೆಗೆ ಒಪ್ಪಿಸಿ ಸಹಿ ಹಾಕಬೇಕು. ಇಪ್ಪತ್ತೆರಡು ವರ್ಷದಲ್ಲಿ ನನ್ನ ಕೈಯಿಂದ ಒಂದು ಹನಿಯೂ ತಪ್ಪಿಸಿಕೊಂಡಿರಲಿಲ್ಲ. ಇಂಥವನಿಗೆ ಹೆಣ್ಣು ಕೊಡುವವರಿರಲಿಲ್ಲ, ನಾನೂ ಕೇಳಲಿಲ್ಲ.

ಒಂಬತ್ತು ವರ್ಷದ ಹಿಂದೆ ಒಂದು ಸೋಮವಾರ ಅಕ್ಕನ ಗಂಡ ಚೆಲುವಯ್ಯ ಭಾವ ಊಟಕ್ಕೆ ಕೂತವನು ಹಾಗೇ ಪಕ್ಕಕ್ಕೆ ವಾಲಿ ಸತ್ತುಹೋದ. ಅಳಿಯ ಒಂದೇ ಸಮನೆ ನೂರು ದಿನ ಕೆಲಸ ಮಾಡಿದ ಸಂಭ್ರಮ ಅವತ್ತೇ, ಹೊರಗಿನಿಂದ ದೊಡ್ಡವರು ಬಂದಿದ್ದರು. ಕಾರ್ಖಾನೆಯ ಮ್ಯಾನೇಜರು ವೈಕುಂಠರಾಯರು ಒಂದು ತಡೆಯಾಜ್ಞೆ ಬರೆದು ನನ್ನ ಕೈಯಲ್ಲೇ ಕಳಿಸಿದರು. ನಾನು ಅದನ್ನು ಅಕ್ಕನಿಗೆ ಓದಿಹೇಳಿ, ಎದುರಿಗೆ ಮಂಡಿಯೂರಿ ಕೂತೆ. ಭಾವ ಎಂದರೆ ನನಗೂ ಪ್ರಾಣವೇ, ಸೈಕಲ್ ತುಳಿಯಲು ಕಲಿಸಿದವನು ಅವನು. ಆದರೂ ಕೂತೆ. ಮಧ್ಯಾಹ್ನದಿಂದ ಹೆಣ ಎತ್ತುವವರೆಗೆ ಮೂವತ್ತೊಂದು ಹತ್ತಿಯುಂಡೆ ಆಯಿತು. ಕೊನೆಯದನ್ನು ಚೀಲಕ್ಕೆ ಹಾಕುವಾಗ ಅಕ್ಕ, "ಆಯ್ತೇನೋ ನಿನ್ ಕೆಲಸ?" ಅಂದಳು. ಆಮೇಲೆ ಆಡಲಿಲ್ಲ. ಭಾನುವಾರದ ಬಸ್ಸಿನಲ್ಲಿ ಅವಳಿಗಾಗಿ ಕಿಟಕಿ ಪಕ್ಕದ ಸೀಟು ಹಿಡಿದಿದ್ದೆ. ಬರಲಿಲ್ಲ, ಒಂಬತ್ತು ವರ್ಷದಲ್ಲಿ ಒಂದು ಭಾನುವಾರವೂ ಬರಲಿಲ್ಲ. ಆ ಮೂವತ್ತೊಂದನ್ನು ಮಾತ್ರ ನಾನು ಒಲೆಗೆ ಒಪ್ಪಿಸಲಿಲ್ಲ. ಸುಟ್ಟೆ ಎಂದು ಸಹಿ ಹಾಕಿ, ಅಳಿಯನ ಪ್ಲಾಸ್ಟಿಕ್ಕಿನದೇ ಒಂದು ಅಗಲಬಾಯಿಯ ಡಬ್ಬಿಯಲ್ಲಿ ತುಂಬಿ, ಮುಚ್ಚಳ ಬಿಗಿದು ಅಟ್ಟದ ಮೇಲಿಟ್ಟೆ.

ಈಗ, ಅದಾಗಿ ಒಂಬತ್ತು ವರ್ಷದ ಮೇಲೆ ಬಂದ ಒಂದು ಬುಧವಾರಕ್ಕೆ ಬರುತ್ತೇನೆ. ಬೆಳಿಗ್ಗೆ ಹತ್ತೂವರೆಗೆ ನನ್ನನ್ನು ಕಂಟ್ರೋಲ್ ರೂಮಿಗೆ ಕರೆಸಿದರು. ಹಿಂದಿನ ದಿನ ಹೊಸ ಅಳಿಯನ ಮೂಟೆ ಬಂದಿತ್ತು, ಹಳಬನಿಗಿಂತ ಎರಡು ಪಟ್ಟು ಚುರುಕು. ಚುರುಕು ಜಾಸ್ತಿಯಾಗಿ, ಅಳಿಯ ಸರ ಪೋಣಿಸುವ ದೊಡ್ಡ ಹಂಡೆಯೊಳಗೆ ಬಿಸಿ ಏರತೊಡಗಿತ್ತು. ದಿನಾ ಎಂಬತ್ತು ಡಿಗ್ರಿಯಲ್ಲಿರುವ ಮುಳ್ಳು ತೊಂಬತ್ತೆಂಟರಲ್ಲಿತ್ತು. ಲ್ಯಾಬಿನ ಮುಖ್ಯಸ್ಥೆ ಜೈಬುನ್ನೀಸಾ ಮೇಡಂ ಮುಖ ಬಿಳಿಚಿಕೊಂಡಿತ್ತು.

"ಅನಿಲ ನಿಲ್ಸಿ ಮತ್ತೆ," ಅಂದರು ವೈಕುಂಠರಾಯರು.

"ಕವಾಟದಲ್ಲಿ ಪ್ಲಾಸ್ಟಿಕ್ ಕಟ್ಕೊಂಡು ಕೂತಿದೆ ಸಾರ್, ಜಗ್ತಾ ಇಲ್ಲ. ಅಳಿಯನ್ನ ಸಾಯಿಸೋ ಗ್ಯಾಸಿನ ಸಿಲಿಂಡರ್ ಇದ್ಯಲ್ಲ, ಅದನ್ನ ಬಿಡೋಣ ಅಂದ್ರೆ ಅದು ಖಾಲಿ."

"ಖಾಲಿ ಹೇಗಾಯ್ತು?"

"ಐದು ವರ್ಷದ ಹಿಂದೆ ಸಮಿತಿಯವರೇ ಖಾಲಿ ಮಾಡಿಸಿದ್ರು ಸಾರ್. ಅಳಿಯನ ಪಕ್ಕದಲ್ಲಿ ಅವನನ್ನ ಕೊಲ್ಲೋ ವಸ್ತು ಇಡೋದು ಶುಭ ಅಲ್ಲ ಅಂತ. ಅಧ್ಯಕ್ಷರು ನೀವೇ."

ಆ ಸಿಲಿಂಡರಿಗೆ ಪ್ರತಿ ಆಯುಧಪೂಜೆಗೂ ಬಣ್ಣ ಬಳಿದು ಚೆಂಡುಹೂವಿನ ಹಾರ ಹಾಕುತ್ತಿದ್ದೆವು. ಒಳಗೆ ಏನೂ ಇಲ್ಲದಿದ್ದರೂ ನೋಡಲು ಲಕ್ಷಣವಾಗಿತ್ತು. ನೂರನಲವತ್ತು ದಾಟಿದರೆ ಹಂಡೆ ಸಿಡಿಯುತ್ತದೆ, ಹಂಡೆಯ ಜೊತೆ ಅರ್ಧ ಊರು ಹೋಗುತ್ತದೆ, ಹೆಚ್ಚೆಂದರೆ ಒಂದೂವರೆ ಗಂಟೆ ಇದೆ ಎಂದು ಮೇಡಂ ಹೇಳಿದರು. ಜನರನ್ನು ಆಚೆ ಕಳಿಸೋಣವೆಂದರೆ ಬಸ್ಸಿನ ಡ್ರೈವರು ಇವತ್ತು ಭಾನುವಾರವಲ್ಲ, ನಮೂನೆಯೂ ಇಲ್ಲ ಎಂದು ಬೀಗ ಹಾಕಿಕೊಂಡು ಹೋಗಿದ್ದ. ಕೊನೆಗೆ ಮೇಡಂ ಮೆಲ್ಲಗೆ, "ಯಾರಾದ್ರೂ ಅತ್ರೆ ನಿಲ್ಲತ್ತೆ ಸಾರ್," ಅಂದರು.

ರಾಯರು ಮೈಕು ಹಿಡಿದರು. ಮೂವತ್ತು ವರ್ಷ 'ಕಣ್ಣು ಒಣಗಿರಲಿ, ಊರು ಬೆಳಗಲಿ' ಎಂದು ಕೂಗುತ್ತಿದ್ದ ಅದೇ ಮೈಕು. "ನಾಗರಿಕ ಬಂಧುಗಳೇ, ದಯಮಾಡಿ ಎಲ್ಲರೂ ಕೂಡಲೇ ಕಣ್ಣೀರು ಹಾಕಬೇಕಾಗಿ ವಿನಂತಿ. ಅಳುವುದಕ್ಕೆ ಸಮಿತಿಯ ಪೂರ್ಣ ಒಪ್ಪಿಗೆ ಇದೆ." ನಾವು ಜೀಪಿನಲ್ಲಿ ಬೀದಿಬೀದಿ ಸುತ್ತಿದೆವು. ಊರಿನ ಜನ ಬಾಗಿಲಿಗೆ ಬಂದು ಎದೆಯುಬ್ಬಿಸಿ ನಿಂತರು. ಒಬ್ಬರ ರೆಪ್ಪೆಯೂ ಒದ್ದೆಯಾಗಿರಲಿಲ್ಲ. ಶಾಲೆಯ ಮೇಷ್ಟರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಕಣ್ಣಗಲಿಸಿ ತೋರಿಸಿ ಎಂದು ಆಜ್ಞೆ ಮಾಡಿದರು. ಬಟ್ಟೆ ಅಂಗಡಿಯ ರುದ್ರಣ್ಣ ನಗುತ್ತಾ ಜೀಪಿನ ಹತ್ತಿರ ಬಂದ. "ನಮ್ಮತ್ರಾನಾ ಸ್ವಾಮಿ ಈ ಆಟ? ಹೋದ್ಸಲ ನಮ್ಮವ್ವ ಸತ್ತೋದ್ಲು ಅಂದ್ರಿ, ಅವಾಗ್ಲೇ ಅಳ್ಲಿಲ್ಲ. ಈಗ ಊರು ಸಿಡಿಯುತ್ತೆ ಅಂದ್ರೆ ಅತ್ತುಬಿಡ್ತೀನಾ? ಬಕೆಟ್ಟು ನೀಲಿದು ಕೊಡಿ, ಕೆಂಪುದು ಎರಡಿದೆ."

ಇದು ಪರೀಕ್ಷೆಯಲ್ಲ, ನಿಜ ಎಂದು ರಾಯರು ದೇವರಾಣೆ ಇಟ್ಟರು. ಹೋದ ಪರೀಕ್ಷೆಯಲ್ಲೂ ಇಟ್ಟಿದ್ದರು, ಜನಕ್ಕೆ ನೆನಪಿತ್ತು. ನಂಬಿದ ನಾಲ್ಕೈದು ಮಂದಿ ಪಾಪ, ಪ್ರಯತ್ನವನ್ನೇನೋ ಮಾಡಿದರು. ಮುಖ ಕಿವುಚಿದರು, ಎದೆ ಬಡಿದುಕೊಂಡರು, ಗಂಟಲು ಕಟ್ಟುವವರೆಗೆ ಕೂಗಿದರು. ಬಾಯಿ ಅಳುತ್ತಿತ್ತು, ಕಣ್ಣು ಒಣಗಿದ ಕೆರೆಯ ಹಾಗಿತ್ತು. ರಾಯರು ಸ್ವತಃ ಕಣ್ಣಿಗೆ ಖಾರದಪುಡಿ ಹಾಕಿಕೊಂಡರು. ಕಣ್ಣು ಬಾತಿತೇ ಹೊರತು ಒಂದು ಹನಿ ಬರಲಿಲ್ಲ. ಆದರ್ಶ ಅಧ್ಯಕ್ಷರು ಎಂದರೆ ಹೀಗಿರಬೇಕು. ಮುಳ್ಳು ನೂರಹದಿನೆಂಟಕ್ಕೆ ಬಂದಿತ್ತು.

"ಬೋರಲಿಂಗ, ಯಾರ ಮನೇಲಿ ಎಷ್ಟು ಉಳ್ದಿದೆ ಅಂತ ನಿಂಗೆ ಗೊತ್ತಿರ್ಬೇಕಲ್ಲಯ್ಯಾ," ಅಂದರು ರಾಯರು, ಕಣ್ಣು ಮುಚ್ಚಿಕೊಂಡೇ.

ಗೊತ್ತಿತ್ತು. ನನ್ನ ಅಟ್ಟದ ಮೇಲೇ ಇತ್ತು. ಆ ಡಬ್ಬಿ ತೆಗೆದು ಬೀದಿಯಲ್ಲಿ ಒಂದು ಉಂಡೆ ಹಿಂಡಿದ್ದರೆ ಕೆಲಸ ಮುಗಿಯುತ್ತಿತ್ತು. ಜೀಪು ನಿಲ್ಲಿಸಿ ಮನೆಗೆ ಓಡಿದೆ, ಅಟ್ಟ ಹತ್ತಿ ಡಬ್ಬಿ ಇಳಿಸಿದೆ. ಮುಚ್ಚಳದ ಮೇಲೆ ಕೈ ಇಟ್ಟಾಗ ಮಾತ್ರ ಕೈ ಏಳಲಿಲ್ಲ. ಒಮ್ಮೆ ಅವಳಿಂದ ಕಿತ್ತುಕೊಂಡದ್ದು ಅಳಿಯನನ್ನು ಉಳಿಸಲಿಕ್ಕೆ. ಈಗ ಅದನ್ನೇ ಅಳಿಯನನ್ನು ಸಾಯಿಸಲಿಕ್ಕೆ ಖರ್ಚು ಮಾಡುವುದೇ, ಅವಳನ್ನು ಒಂದು ಮಾತು ಕೇಳದೆ? ನನಗೆ ಆಗ ಎಷ್ಟು ನಾಚಿಕೆಯಾಯಿತು ಎಂದರೆ, ಊರು ಸಿಡಿಯುತ್ತದೆ ಎಂಬ ಭಯವೂ ಅದರ ಮುಂದೆ ಚಿಕ್ಕದಾಗಿ ಕಂಡಿತು. ಡಬ್ಬಿಯನ್ನು ಎದೆಗವಚಿಕೊಂಡು ಪಕ್ಕದ ಮನೆಗೆ ಹೋದೆ. ರಾಯರೂ ಮೇಡಮ್ಮೂ ಹಿಂದೆಯೇ ಬಂದರು.

ಅಕ್ಕ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಮೈಕಿನ ಕೂಗು ಅವಳಿಗೂ ಕೇಳಿಸಿರಬೇಕು, ಕೈ ನಿಂತಿರಲಿಲ್ಲ.

"ಅಕ್ಕಾ," ಅಂದೆ. ಒಂಬತ್ತು ವರ್ಷದ ಮೇಲೆ ಆ ಪದ ಬಾಯಿಂದ ಹೊರಡುವಾಗ ನಾಲಿಗೆ ತೊದಲಿತು. "ಅವತ್ತಿನವು ಇವು. ಮೂವತ್ತೊಂದೂ ಇವೆ. ಸುಡೋಕೆ ಕೊಡ್ಲಿಲ್ಲ ನಾನು. ನಿನ್ನವು. ನೀನು ಹೂಂ ಅಂದ್ರೆ ಒಂದನ್ನ ಹಿಂಡ್ತೀನಿ, ಊರು ಉಳಿಯುತ್ತೆ. ಊಹೂಂ ಅಂದ್ರೆ ಇಲ್ಲ."

ಅಕ್ಕ ಡಬ್ಬಿ ತೆಗೆದುಕೊಂಡಳು. ಬೆಳಕಿಗೆ ಹಿಡಿದು ನೋಡಿದಳು. ಮುಚ್ಚಳದ ಒಳಮೈಯಲ್ಲಿ ಇನ್ನೂ ಮಂಜು ಕಟ್ಟಿತ್ತು. ಅಳಿಯ ಪೋಣಿಸಿದ ಪ್ಲಾಸ್ಟಿಕ್ಕು ಒಂಬತ್ತು ವರ್ಷದಲ್ಲಿ ಒಂದಿಷ್ಟು ತೇವವನ್ನೂ ಆಚೆ ಬಿಟ್ಟಿರಲಿಲ್ಲ. ಅವಳು ಅದನ್ನು ಮಡಿಲಲ್ಲಿಟ್ಟು ಮೇಲೆ ಸೆರಗು ಮುಚ್ಚಿದಳು. ನನ್ನ ಮುಖ ನೋಡಿ ತಲೆ ಅಡ್ಡಕ್ಕೆ ಆಡಿಸಿದಳು.

ರಾಯರಿಗೆ ತಡೆಯಲಾಗಲಿಲ್ಲ. "ಅಮ್ಮಾ, ಆ ಹತ್ತಿ ಸಂಸ್ಥೆಯ ಸ್ವತ್ತು," ಅಂದರು. ಅದು ನಡೆಯುವುದಿಲ್ಲ ಎಂದು ಅಕ್ಕನ ನೋಟದಲ್ಲೇ ತಿಳಿದು, ಜೇಬಿನಿಂದ ಒಂದು ಕಾಗದ ತೆಗೆದರು. ಊರು ಸಿಡಿಯುವ ಹೊತ್ತಿನಲ್ಲೂ, ನಾನು ಅಟ್ಟ ಹತ್ತಿ ಇಳಿಯುವಷ್ಟರಲ್ಲಿ ಮನುಷ್ಯ ಅದನ್ನು ಬರೆಸಿ ಸೀಲು ಒತ್ತಿಸಿಕೊಂಡು ಬಂದಿದ್ದರು. ಬಾತ ಕಣ್ಣಿಗೆ ಹತ್ತಿರ ಹಿಡಿದು ಗಂಭೀರವಾಗಿ ಓದಿದರು. "ಶ್ರೀಮತಿ ಪುಟ್ಟಗೌರಮ್ಮ, ದಿವಂಗತ ಚೆಲುವಯ್ಯನವರ ಪತ್ನಿ, ಇವರ ಮೇಲೆ ಒಂಬತ್ತು ವರ್ಷಗಳ ಹಿಂದೆ ಹೊರಡಿಸಿದ್ದ ತಡೆಯಾಜ್ಞೆಯನ್ನು ಈ ಮೂಲಕ ಹಿಂಪಡೆಯಲಾಗಿದೆ. ಸದರಿಯವರು ಇಂದು ಮಧ್ಯಾಹ್ನ ಹನ್ನೆರಡರ ಒಳಗೆ ತಮ್ಮ ದುಃಖವನ್ನು ವ್ಯಕ್ತಪಡಿಸತಕ್ಕದ್ದು."

ಅಕ್ಕ ಅವರೆಕಾಯಿ ಕೆಳಗಿಟ್ಟಳು. "ಅವತ್ತು ಅಳಬೇಡ ಅಂತ ಕಾಗ್ದ ಕಳಿಸಿದ್ರಿ. ಇವತ್ತು ಅಳು ಅಂತ ಕಾಗ್ದ ತಂದಿದ್ದೀರಿ. ಸೀಲು ಅದೇನಾ ಸ್ವಾಮಿ?"

ರಾಯರು ಕಾಗದವನ್ನು ತಿರುಗಿಸಿ ನೋಡಿ, ಪ್ರಾಮಾಣಿಕವಾಗಿ ಉತ್ತರಿಸಿದರು. "ಇಲ್ಲಮ್ಮ, ಹೋದ ವರ್ಷ ಹೊಸದು ಮಾಡಿಸಿದ್ವಿ."

ಅಕ್ಕನ ತುಟಿ ಅಲುಗಿತು. ಮೊದಲು ಮೂಗಿನಲ್ಲಿ ಸಣ್ಣಗೆ ಬಂದ ನಗು, ಆಮೇಲೆ ಭುಜ ಕುಣಿಸಿತು, ಆಮೇಲೆ ಅವಳು ಗೋಡೆಗೊರಗಿ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. 'ಹೊಸದು ಮಾಡಿಸಿದ್ವಿ' ಎಂದು ಹೇಳಲು ಹೋಗಿ ಹೇಳಲಾರದೆ ಮತ್ತೆ ನಕ್ಕಳು. ಚಿಕ್ಕಂದಿನಲ್ಲಿ ಹೀಗೇ ನಗುತ್ತಿದ್ದಳು, ನಾನು ಮರೆತೇಬಿಟ್ಟಿದ್ದೆ. ಮೇಡಮ್ಮಿಗೂ ನಗು ಹತ್ತಿತು. ಅಕ್ಕನ ಬಲಗಣ್ಣಿನ ತುದಿಯಲ್ಲಿ ಒಂದು ಹನಿ ಕಟ್ಟಿತು, ತುಂಬಿತು, ಕೆನ್ನೆಯ ಮೇಲೆ ಇಳಿಯಿತು. ರಾಯರು ಕೈ ಮುಗಿದರು. ಹನಿ ಗಲ್ಲದ ಅಂಚಿಗೆ ಬಂತು. ಆಗ ನನ್ನ ಬಲಗೈ ತನ್ನಷ್ಟಕ್ಕೆ ತಾನೇ ಹೆಗಲ ಮೇಲಿನ ಹತ್ತಿಯ ಚೀಲಕ್ಕೆ ಹೋಗಿ, ಹತ್ತಿಯುಂಡೆ ತೆಗೆದು, ಅದನ್ನು ಒರೆಸಿಬಿಟ್ಟಿತು.

ಕೆಲಸ ಅಚ್ಚುಕಟ್ಟಾಗಿತ್ತು, ಒಂದು ಚೂರೂ ಕೆಳಗೆ ಬೀಳಲಿಲ್ಲ. ಇಪ್ಪತ್ತೆರಡು ವರ್ಷದ ಅನುಭವ.

"ಲೇಯ್!" ಎಂದು ಕಿರುಚಿದರು ರಾಯರು. ನನಗೆ ಬಾಲಬಡುಕ, ಮುಠ್ಠಾಳ ಎಂಬ ಎರಡು ಬಿರುದುಗಳು ಸಿಕ್ಕವು. ಕಾರ್ಖಾನೆಯ ಸೈರನ್ ಕೂಗತೊಡಗಿತು. ಅಷ್ಟರಲ್ಲಿ ಅಕ್ಕನ ಎಡಗಣ್ಣಿನಿಂದ ಇನ್ನೊಂದು ಹನಿ ಇಳಿಯಿತು. ನನ್ನ ಎಡಗೈಯೂ ಹೊರಟಿತು. ಬೇಡ ಬೇಡ ಎಂದು ಮನಸ್ಸು ಕೂಗುತ್ತಿದ್ದರೂ ಕೈ ಸಂಬಳ ಕೊಟ್ಟವರ ಮಾತನ್ನೇ ಕೇಳುತ್ತಿತ್ತು. ಅಕ್ಕ ನಗು ನಿಲ್ಲಿಸಿ ಆ ಕೈಯನ್ನು ನೋಡಿದಳು. ಅವಳು ನನ್ನ ಎರಡೂ ಮಣಿಕಟ್ಟುಗಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಸಾಕು ಬಿಡೋ ಲಿಂಗಾ," ಅಂದಳು. "ಬೀಳ್ಲಿ."

ಹನಿ ಅವರೆಸಿಪ್ಪೆಯ ಪಕ್ಕದಲ್ಲಿ ಜಗಲಿಯ ಕಲ್ಲಿನ ಮೇಲೆ ಬಿತ್ತು. ನನ್ನ ಕೈ ಅವಳ ಹಿಡಿತದಲ್ಲಿತ್ತು, ನನ್ನ ಕಣ್ಣನ್ನು ಒರೆಸಿಕೊಳ್ಳಲು ನನಗೆ ಬೇರೆ ಕೈ ಇರಲಿಲ್ಲ. ಆದ್ದರಿಂದ ನನ್ನದೂ ಬಿತ್ತು. ನೂರಮೂವತ್ತಾರಕ್ಕೆ ಏರಿದ್ದ ಮುಳ್ಳು ಹನ್ನೊಂದು ಐವತ್ತೆರಡಕ್ಕೆ ಒಮ್ಮೆ, ಐವತ್ಮೂರಕ್ಕೆ ಇನ್ನೊಮ್ಮೆ ಕುಸಿಯಿತು ಎಂದು ಮೇಡಂ ಆಮೇಲೆ ಕಾಗದ ತೋರಿಸಿದರು. ಅಳಿಯ ಸತ್ತಿದ್ದ. ಸೈರನ್ ನಿಂತ ಮೇಲೆ ಊರೆಲ್ಲ ಜಗಲಿಗಳಿಂದ ಒಳಗೆ ಹೋಗಿ ಬಕೆಟ್ಟಿಗಾಗಿ ಕಾಯುತ್ತಾ ಕೂತಿತು.

ಗುರುವಾರ ನಮ್ಮಿಬ್ಬರಿಗೂ ನೋಟೀಸು ಬಂತು, ಒಂದು ಹಂಡೆ ಹರಳು ಹಾಳು ಮಾಡಿದ್ದಕ್ಕೆ. ಶುಕ್ರವಾರ ವೈಕುಂಠರಾಯರಿಗೆ ಧೈರ್ಯಕ್ಕಾಗಿ ಪದಕ ಬಂತು. ಶನಿವಾರ ಸಮಿತಿಯ ವರದಿ ಬಂತು, ದ್ರವದ ಸ್ವರೂಪ ನಗು ಎಂದು ತಿಳಿದುಬಂದಿರುವುದರಿಂದ ಇನ್ನು ಮುಂದೆ ಊರೊಳಗೆ ಹೊಟ್ಟೆ ಹುಣ್ಣಾಗುವಂತೆ ನಗುವವರೂ ನಮೂನೆ ತುಂಬತಕ್ಕದ್ದು ಎಂದು. ಸಿಲಿಂಡರಿಗೆ ಹೊಸ ಬಣ್ಣ ಬಳಿಯಲು ಮಂಜೂರಾತಿಯಾಯಿತು. ಒಳಗೆ ಗ್ಯಾಸು ತುಂಬಿಸುವ ವಿಚಾರ ಮುಂದಿನ ಸಭೆಗೆ ಹೋಯಿತು. ನನ್ನ ಪ್ರಶಸ್ತಿಪತ್ರವನ್ನು ಹಿಂದಿರುಗಿಸಲು ಹೇಳಿದರು. ಕಟ್ಟು ಬಿಚ್ಚಿ ಪತ್ರ ಮಾತ್ರ ಕೊಟ್ಟೆ. ಕಟ್ಟಿನೊಳಗೆ ಈಗ ಸೈಕಲ್ ಹಿಡಿದು ನಿಂತ ಚೆಲುವಯ್ಯ ಭಾವನ ಫೋಟೋ ಇದೆ.

ಭಾನುವಾರ ಹತ್ತಕ್ಕೆ ಬಸ್ಸಿಗೆ ಹೋದೆ. ಕಿಟಕಿ ಪಕ್ಕದ ಸೀಟಿನಲ್ಲಿ ಅಕ್ಕ ಆಗಲೇ ಕೂತಿದ್ದಳು, ಮಡಿಲಲ್ಲಿ ಡಬ್ಬಿ. ನಮೂನೆಯಲ್ಲಿ ಕಾರಣದ ಕಾಲಮ್ಮಿನಲ್ಲಿ 'ಈರುಳ್ಳಿ ಬಜ್ಜಿ' ಎಂದು ಬರೆದಿದ್ದಳು. ಆರನೇ ಮೈಲಿಯ ಆಚೆ ಹೋಟೆಲಿನಲ್ಲಿ ಇಬ್ಬರೂ ಎರಡೆರಡು ಪ್ಲೇಟು ತಿಂದೆವು. ಆಮೇಲೆ ಶೆಡ್ಡಿಗೆ ಹೋಗದೆ, ರಸ್ತೆಯ ಪಕ್ಕದ ಹುಣಿಸೆಮರದ ಕೆಳಗೆ ಕೂತಳು. ಮುಚ್ಚಳ ತಿರುಗಿಸಿದಳು. ಮೊದಲನೆಯ ಉಂಡೆ ತೆಗೆದು ಮಣ್ಣಿನ ಮೇಲೆ ಹಿಂಡಿದಳು. ಒಂದೊಂದನ್ನು ಹಿಂಡುವಾಗಲೂ ಭಾವನ ಒಂದೊಂದು ಸಂಗತಿ ಹೇಳಿದಳು, ಅವನು ಉಪ್ಪಿನಕಾಯಿ ಕದ್ದು ತಿನ್ನುತ್ತಿದ್ದದ್ದು, ಅವನ ಗೊರಕೆ, ಅವತ್ತು ಅವನು ಅರ್ಧಕ್ಕೆ ಬಿಟ್ಟುಹೋದ ಮುದ್ದೆ. ನಾನು ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದೆ. ಮೂವತ್ತೊಂದು ಮುಗಿಯುವ ಹೊತ್ತಿಗೆ ಬಸ್ಸಿನವನು ಹಾರ್ನ್ ಹೊಡೆಯುತ್ತಿದ್ದ.

ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡಳು, ತಾನೇ. ಖಾಲಿ ಡಬ್ಬಿಯನ್ನು ನನ್ನ ಕೈಗೆ ಕೊಟ್ಟಳು.

"ತೊಳ್ದು ಗೋಡೆ ಮೇಲಿಡು," ಅಂದಳು. "ನಾಳೆ ಹುರುಳಿಸಾರು ಮಾಡ್ತೀನಿ. ಉಪ್ಪು ಕಮ್ಮಿ ಆದ್ರೆ ಬಾಯ್ಬಿಟ್ಟು ಹೇಳು."